ಪಿಳ್ಳಮ್ಮತ್ತೆ ಜಾಗ ಹುಡುಕಿದ ದಿನ

ಕುಂದಲಹಳ್ಳಿಯ ಸಿಗ್ನಲ್ಲಿನಲ್ಲಿ ಕಾರು ನಿಂತು ತುಂಬ ಹೊತ್ತಾಗಿತ್ತು. ಸೆಕೆ ತಾಳದೆ ಕಿಟಕಿಯ ಗಾಜು ಇಳಿಸಿದ್ದೇ ತಡ, ರಸ್ತೆ ಬದಿಯ ತಳ್ಳುಗಾಡಿಯಲ್ಲಿ ರಾಶಿ ಹಾಕಿದ್ದ ಅವರೆಕಾಯಿಯ ಸೊಗಡು ಡೀಸೆಲ್ ಹೊಗೆಯನ್ನು ಸರಿಸಿಕೊಂಡು ಒಳಗೆ ಬಂತು. ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಪಿಳ್ಳಮ್ಮತ್ತೆ ಕಣ್ಣು ಬಿಟ್ಟಳು. ಅವಳು ನನ್ನ ಅಪ್ಪನ ತಂಗಿ. ಮುಂದೆ ಕಂಪನಿ ಕ್ಯಾಬು, ಹಿಂದೆ ನೀರಿನ ಟ್ಯಾಂಕರು, ಪಕ್ಕದಲ್ಲಿ ಮೆಟ್ರೊ ಕಂಬ, ಅಲುಗಾಡುವಂತಿರಲಿಲ್ಲ. ಆದರೂ ಆ ವಾಸನೆ ನಮ್ಮಿಬ್ಬರನ್ನೂ ಪಟ್ಟಂದೂರು ಅಗ್ರಹಾರದ ಹಳೇ ಮನೆಯ ಜಗಲಿಗೆ ಕರೆದೊಯ್ದು ಕೂರಿಸಿಬಿಟ್ಟಿತ್ತು.

ಅವರೆಕಾಯಿ ಕಾಲದ ಸಂಜೆಗಳಲ್ಲಿ ಅಜ್ಜಿ ಮುನಿಯಮ್ಮ ಆ ಜಗಲಿಯ ಬಾಗಿಲಿಗೆ ಅಡ್ಡಲಾಗಿ ಕೂತು ಕಾಯಿ ಸುಲಿಯುತ್ತಿದ್ದಳು. ಅವಳನ್ನು ದಾಟದೆ ಮನೆಯವರ್‍ಯಾರೂ ಹೊರಗೆ ಹೋಗುವಂತಿರಲಿಲ್ಲ. ಒಳಗೆ ನಡುಮನೆಯಲ್ಲಿ ಅತ್ತೆ ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿತುಕುತ್ತಿದ್ದಳು. ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಹಾರುತ್ತಿತ್ತು, ಗುರಿ ತಪ್ಪಿದ್ದು ನನ್ನ ಬಾಯಿಗೆ. ಮದುವೆಯಾದ ಹೊಸತರಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಮಗಳನ್ನು ಅಜ್ಜಿ ನಮ್ಮ ದ್ರಾಕ್ಷಿ ತೋಟದ ಬೇಲಿ ದಾಟಲು ಬಿಟ್ಟವಳಲ್ಲ. ಜಾತ್ರೆಯಿಲ್ಲ, ಮದುವೆಯಿಲ್ಲ, ಹೊಸಕೋಟೆಯ ಸಂತೆಯೂ ಇಲ್ಲ. ಜನರ ಬಾಯಿಗೆ ಹೆದರಿ ಹಾಗೆ ಮಾಡಿದಳೋ, ಇದ್ದೊಬ್ಬ ಮಗಳೂ ಕೈತಪ್ಪಿ ಹೋದಾಳೆಂಬ ಭಯಕ್ಕೋ, ನನಗೆ ಇಂದಿಗೂ ತಿಳಿಯದು. ಅಜ್ಜಿ ಸತ್ತಾಗ ಅದೇ ತೋಟದ ಮೂಲೆಯಲ್ಲಿ, ದ್ರಾಕ್ಷಿ ಚಪ್ಪರದ ನೆರಳಲ್ಲಿ ಹೂಳಿದರು. ಮೂರನೇ ದಿನ ಗೋರಿಗೆ ಹಾಲುತುಪ್ಪ ಬಿಟ್ಟು ಎಲ್ಲರೂ ಮನೆಗೆ ಮರಳಿದರೂ ಅತ್ತೆ ಒಬ್ಬಳೇ ಆ ಹಸಿಮಣ್ಣಿನ ಪಕ್ಕ ಕೂತಿದ್ದಳು. ಕಾವಲಿಗೆ ಯಾರೂ ಇರಲಿಲ್ಲ, ಆದರೆ ಹೋಗಬೇಕಾದ ಊರೂ ಅವಳಿಗೆ ಉಳಿದಿರಲಿಲ್ಲ.

ಆಮೇಲೆ ತೋಟ ಮಾರಿ, ಅಜ್ಜಿಯ ಗೋರಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಅಪಾರ್ಟ್‌ಮೆಂಟ್ ಎದ್ದಿತು. ಹಳೇ ಮನೆ ಕೆಡವಿ ನಾವೂ ಬಾಡಿಗೆಗೆಂದು ಕಟ್ಟಡ ಕಟ್ಟಿ, ಮೇಲಿನ ಮಹಡಿಯನ್ನು ನಮಗೆ ಇಟ್ಟುಕೊಂಡೆವು. ಅತ್ತೆಯ ಮಂಡಿ ಸೋತ ಮೇಲೆ ಮೆಟ್ಟಿಲು ಅವಳಿಗೆ ಹೊಸ ಬೇಲಿಯಾಯಿತು. ಎದುರಿನ ಐಟಿ ಪಾರ್ಕಿನ ಗಾಜನ್ನು ನೋಡುತ್ತಾ ಕೂತಿರುತ್ತಿದ್ದವಳು ಒಂದು ದಿನ ಇದ್ದಕ್ಕಿದ್ದಂತೆ, "ಮಂಜಿ, ನಮ್ಮೋರು ಬದುಕಿದ್ ಕಡೆಗೆಲ್ಲಾ ಒಂದ್ಸಲ ಕರ್ಕೊಂಡೋಗೆ," ಎಂದಳು. ಹಾಗಾಗಿ ಆ ಭಾನುವಾರ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಇಬ್ಬರೂ ಹೊರಟಿದ್ದೆವು.

ಕುಂದಲಹಳ್ಳಿಯಲ್ಲಿ ಅಜ್ಜಿಯ ತವರುಮನೆ ಇದ್ದ ಕಡೆ ಹೋಟೆಲಿನ ಪಾರ್ಕಿಂಗ್ ಇತ್ತು. ಅತ್ತೆ ಕಾರಿನಿಂದ ಇಳಿಯಲಿಲ್ಲ. ತಿರುಗಿ ಪೂರ್ವಕ್ಕೆ ಹೊರಟು, ಹೊಸಕೋಟೆ ದಾಟಿದ ಮೇಲೆಯೇ ಗಾಳಿ ಮುಖಕ್ಕೆ ತಾಗಿದ್ದು. ನೀಲಗಿರಿ ತೋಪು, ಕೊಯ್ದ ರಾಗಿ ಹೊಲ, ಹೊಲದಂಚಿಗೆ ಹುಚ್ಚೆಳ್ಳಿನ ಕೊನೆಯ ಹಳದಿ ಹೂ, ಕೆರೆ ಏರಿಯ ಮೇಲೆ ಸಾಲಾಗಿ ಹೋಗುವ ಎಮ್ಮೆ. ಅತ್ತೆ ಸೆರಗು ಜಾರಿದ್ದನ್ನೂ ಮರೆತು ಕಿಟಕಿಗೆ ಮುಖವಿಟ್ಟಿದ್ದಳು. ಮುತ್ತಜ್ಜ ಹುಟ್ಟಿದ ಮೂಲ ಊರಿನಲ್ಲಿ ದಾಯಾದಿ ಸಂಬಂಧದ ನಂಜಪ್ಪ ಮುದ್ದೆ, ಅವರೆಕಾಳಿನ ಸಾರು ಮಾಡಿಸಿ ಕಾದಿದ್ದ. ಉಂಡಾದ ಮೇಲೆ ಹೊಲಕ್ಕೆ ಕರೆದೊಯ್ದ. ಬದುವಿನ ಮೇಲೆ ಕೂತು ಮಣ್ಣನ್ನು ಕೈಯಲ್ಲಿ ಹಿಡಿದು ನೋಡಿದ ಅತ್ತೆ ಮೆಲ್ಲಗೆ ಕೇಳಿದಳು: "ನಂಜಪ್ಪ, ಇಲ್ಲಿ ನಂಗೆ ಆರಡಿ ಮೂರಡಿ ಜಾಗ ಕೊಡ್ತೀಯೇನಪ್ಪ?"

ನನಗೆ ಆಗ ಹೊಳೆಯಿತು, ಅವಳು ಊರು ನೋಡಲು ಬಂದವಳಲ್ಲ.

ನಂಜಪ್ಪ ತಲೆ ತಗ್ಗಿಸಿದ. ಹೊಲದಲ್ಲಿ ನೆಟ್ಟಿದ್ದ ಬಿಳಿ ಬಣ್ಣದ ಕಲ್ಲುಗಳನ್ನು ತೋರಿಸಿದ. "ಇದೂ ಲೇಔಟ್ ಆಗೋಯ್ತದೆ ಅತ್ತೆ. ನಮ್ಮಪ್ಪನ ಗೋರಿನೇ ಎತ್ತಬೇಕು ಅಂತವ್ರೆ."

"ಓಗ್ಲಿ ಬುಡು. ನೀನೇನ್ ಮಾಡೀಯ," ಎಂದು ಅವನ ಬೆನ್ನು ಸವರಿ ಎದ್ದಳು.

ವಾಪಸು ಬರುವಾಗ ಮತ್ತೆ ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಏನಾದರೂ ಹೇಳಬೇಕೆಂದು, "ಯಾಕತ್ತೆ ಯೋಚ್ನೆ, ನಮ್ಮದೇ ಅಷ್ಟು ದೊಡ್ಡ ಬಿಲ್ಡಿಂಗ್ ಇದೆಯಲ್ಲ," ಎಂದೆ.

"ಬಿಲ್ಡಿಂಗ್‌ನಲ್ಲಿ ಊಳಕಾಯ್ತದೇನೆ?" ಎಂದಳು. ನಮ್ಮೂರು ಹತ್ತಿರವಾದಾಗ, "ನಮ್ಮವ್ವನ್ನಾದ್ರೂ ನೋಡ್ಕೊಂಡೋಗನ," ಎಂದಳು.

ದ್ರಾಕ್ಷಿ ತೋಟವಿದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲುಗಾರ ತಡೆದ. "ಯಾವ ಫ್ಲ್ಯಾಟ್ ಮೇಡಂ?"

ಹಿಂದಿನಿಂದ ಅತ್ತೆಯೇ ಹೇಳಿದಳು: "ನಮ್ಮವ್ವನ್ ನೋಡಕ್ ಬಂದಿವ್ನಪ್ಪ. ಮುನಿಯಮ್ಮ ಅಂತ."

"ನಂಬರ್ ಹೇಳಿ, ಫೋನ್ ಮಾಡ್ತೀನಿ."

"ನಂಬರ್ ಇಲ್ಲ ಕಣಪ್ಪ. ಮಣ್ಣಲ್ಲವ್ಳೆ."

ತರಕಾರಿ ಚೀಲ ಹಿಡಿದು ಒಳಗೆ ಹೋಗುತ್ತಿದ್ದ ಹೆಂಗಸೊಬ್ಬರು ನಿಂತರು. ಹಣೆಯಲ್ಲಿ ವಿಭೂತಿ, ನನಗಿಂತ ಕೊಂಚ ದೊಡ್ಡ ವಯಸ್ಸು. ಹಾವೇರಿ ಕಡೆಯ ಶಾಂತಕ್ಕ ಎಂದು ಆಮೇಲೆ ಗೊತ್ತಾಯಿತು. "ಆ ಗದ್ದಿಗಿಯವರೇನ್ರಿ ನೀವು? ಬರ್ರಿ, ನಮ್ಮನಿ ಮಂದಿ ಅಂತ ಬರಕೋಳೋ ತಮ್ಮಾ," ಎಂದು ಅತ್ತೆಯ ಕೈ ಹಿಡಿದೇ ನಡೆಸಿದರು.

ಜನರೇಟರ್ ಶೆಡ್ಡಿನ ಹಿಂದೆ, ಬಾಗಿಲಿಗೆ ಬೀಗ ಹಾಕಿದ್ದ ಕಬ್ಬಿಣದ ಕಂಬಿಗಳ ಒಳಗೆ ಅಜ್ಜಿಯ ಕಲ್ಲಿತ್ತು. ಅದರ ಮೇಲೆ ವಿಭೂತಿಯ ಪಟ್ಟೆ, ಬಾಡಿದ ಹೂ. "ಯಾರೋ ಶರಣಿ ಗದ್ದಿಗಿ ಅಂತ ತಿಳಕೊಂಡು ಸ್ವಾಮಾರಕ್ಕೊಮ್ಮೆ ಪೂಜಿ ಮಾಡ್ತೀನ್ರಿ," ಎಂದರು ಶಾಂತಕ್ಕ.

ಅತ್ತೆ ನಕ್ಕುಬಿಟ್ಟಳು. ಅವಳು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಎಷ್ಟೋ ಕಾಲದಿಂದ ಕಂಡಿರಲಿಲ್ಲ. "ಶರಣೇನಾ? ನಮ್ಮವ್ವ ಬಾಯ್ ತೆಗೆದ್ರೆ ಬೀದಿಯೋರೆಲ್ಲಾ ಬಾಗ್ಲಾಕ್ಕೊಳ್ಳೋರು ಕಣಮ್ಮ!" ನಗುನಗುತ್ತಲೇ ಕಣ್ಣು ತುಂಬಿತು. ಕಂಬಿಗಳ ನಡುವೆ ಕೈ ತೂರಿಸಿ ಕಲ್ಲು ಮುಟ್ಟಿದಳು. "ಬೇಲಿ ದಾಟಕ್ ನನ್ನ ಬುಡ್ನಿಲ್ಲ ನೀನು. ಈಗ ನಿನ್ನೂ ಕೂಡಾಕವ್ರಲ್ಲವ್ವ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಅಳುವ ಮಗುವನ್ನು ಸಂತೈಸುವ ದನಿಯಿತ್ತು.

ಮುಂದಿನ ಮಳೆಗಾಲದಲ್ಲಿ ಅತ್ತೆ ಹೋದಳು. ನಮ್ಮ ಮನೆತನದಲ್ಲಿ ಯಾರನ್ನೂ ಸುಟ್ಟದ್ದಿಲ್ಲ. ಆದರೆ ಹೂಳಲು ಎಲ್ಲೂ ಜಾಗ ಸಿಗದೆ ಅವಳನ್ನು ವಿದ್ಯುತ್ ಚಿತಾಗಾರಕ್ಕೆ ಒಯ್ದೆವು. ಸುದ್ದಿ ತಿಳಿದ ಶಾಂತಕ್ಕ ಫೋನ್ ಮಾಡಿ, "ಒಂದ್ ಮುಷ್ಟಿ ಬೂದಿ ತಗೊಂಡು ಬರ್ರಿ, ಯಾರ್ ಏನಂತಾರ ನೋಡೂಣು," ಎಂದರು. ಅವರ ಅತಿಥಿಯಾಗಿ ಒಳಗೆ ಹೋದೆ. ಕಂಬಿಯ ಬೀಗ ತೆಗೆಸಿ, ಅಜ್ಜಿಯ ಮಗ್ಗುಲಲ್ಲಿ ಕೈಯಿಂದಲೇ ಮಣ್ಣು ಬಗೆದು ಅತ್ತೆಯನ್ನು ಇಟ್ಟು, ಹಾಲುತುಪ್ಪ ಬಿಟ್ಟೆವು. ಅವಳು ಹುಡುಕಿದ ಜಾಗ ಇದೇ ಹೌದೋ, ಜೀವಮಾನವೆಲ್ಲ ಕಾವಲಿದ್ದವಳ ಪಕ್ಕಕ್ಕೇ ಮತ್ತೆ ತಂದುಬಿಟ್ಟೆನೋ, ಗೊತ್ತಿಲ್ಲ. ತಮ್ಮವರ ಮಣ್ಣು ಇನ್ನೊಬ್ಬರ ಗೇಟಿನೊಳಗೆ ಉಳಿದುಹೋದ ನಮ್ಮಂಥವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಶಾಂತಕ್ಕ ಬೀಗ ಹಾಕಲು ಬಗ್ಗಿದರು. "ಇವತ್ತೊಂದು ದಿನ ತೆಗೆದೇ ಇರಲಿ ಅಕ್ಕ," ಎಂದೆ. ಅವರು ಕಂಬಿಯ ಬಾಗಿಲನ್ನು ಶೆಡ್ಡಿನ ಗೋಡೆಯವರೆಗೆ ಸರಿಸಿ, ಮತ್ತೆ ಮುಚ್ಚಿಕೊಳ್ಳದಂತೆ ಒಂದು ಕಲ್ಲು ಅಡ್ಡ ಇಟ್ಟರು.