ಏಳನೆಯದಕ್ಕೆ ಜಾಗ

ಅಶೋಕನ ಕೋಣೆಯ ಗೋಡೆಯ ಮೇಲೆ ಎಂಟು ಚೀಟಿಗಳಿವೆ. ಒಂದರ ಕೆಳಗೊಂದು, ಮಂಚದಲ್ಲಿ ಮಲಗಿದವನ ಕಣ್ಣಿಗೆ ನೇರವಾಗಿ ಬೀಳುವಂತೆ. ಅವನ್ನು ಅಂಟಿಸಿರುವುದು ಗೋಂದಿನಲ್ಲಿ ಅಲ್ಲ, ನಾನು ಊದುಬತ್ತಿ ಹೊಸೆಯಲು ಕಲಸಿಟ್ಟುಕೊಳ್ಳುವ ಹಿಟ್ಟಿನಲ್ಲಿ. ಅದರಲ್ಲಿ ಜಿಗಟಿನ ಪುಡಿ ಇರುತ್ತದೆ. ಹಸಿಯಾಗಿದ್ದಾಗ ಬೆಣ್ಣೆ, ಒಣಗಿದ ಮೇಲೆ ಕಲ್ಲು. ಉಳಿದ ಇನ್ನೊಂದು ಚೀಟಿ ಇವತ್ತಿಗೂ ಟಿವಿಯ ಕೆಳಗಿದೆ. ಆ ಒಂದು ಚೀಟಿಗೆ ಗೋಡೆಯ ಮೇಲೆ ಜಾಗ ಮಾಡಿಕೊಡಲು ಅಶೋಕ ಪಟ್ಟ ಪಾಡನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ.

ಕೆಸರೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನ ಅಪ್ಪ ಸಿದ್ದಪ್ಪಾಜಿ ನೀರುಗಂಟಿ. ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿ ಬೀದಿಬೀದಿಗೆ ನೀರು ಬಿಡಲು ಹೋಗುತ್ತಿದ್ದರು. ಅವನ ತಾಯಿ ಮನೆಗೆಲಸಕ್ಕೆ ಹೋಗುತ್ತಿದ್ದಳು. ಹೀಗಾಗಿ ಅಶೋಕ, ಅವನ ತಂಗಿ ಸಂಘಮಿತ್ರ ಇಬ್ಬರೂ ನನ್ನ ಮಣೆಯ ಪಕ್ಕದಲ್ಲೇ ತೆವಳಿ, ನನ್ನ ಕಡ್ಡಿಗಳನ್ನು ಮುರಿದು, ಬೈಸಿಕೊಂಡು ಬೆಳೆದರು. ಇವತ್ತಿಗೂ ನಾನು ಅವರಿಗೆ ದೊಡ್ಡವ್ವ.

ಅಶೋಕನಿಗೆ ಹತ್ತು ವರ್ಷವಾದಾಗ ಸಿದ್ದಪ್ಪಾಜಿ ಸಂತೆಪೇಟೆಯಿಂದ ಟಿವಿಗೆ ಸಿಕ್ಕಿಸಿ ಆಡುವ ಒಂದು ಡಬ್ಬ ತಂದರು. ಅದರಲ್ಲಿದ್ದ ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರು. ನಮ್ಮ ಸಾಲಿನವರೆಲ್ಲ ಅದನ್ನು ದೋಣಿ ಆಟ ಅಂತಲೇ ಕರೆದೆವು. ಒಬ್ಬ ಮುದುಕ ಅಂಬಿಗ. ಈ ದಡದಲ್ಲಿ ನಿಂತವರನ್ನು ಅವನು ಆ ದಡಕ್ಕೆ ಮುಟ್ಟಿಸಬೇಕು. ಅಷ್ಟೇ. ಮೊದಲನೆಯ ಆಟದಲ್ಲಿ ದೋಣಿ ಒಂದು ಬೆಂಕಿಪೊಟ್ಟಣ, ಅಂಬಿಗ ನಾಲ್ಕು ಚುಕ್ಕಿ. ಎರಡು ಮೂರು ವರ್ಷಕ್ಕೊಮ್ಮೆ ಅದರದೇ ಮುಂದಿನ ಭಾಗ ಬರುತ್ತಿತ್ತು, ಅಶೋಕ ಎಲ್ಲಿಂದಲಾದರೂ ಸಂಪಾದಿಸುತ್ತಿದ್ದ. ಒಂಬತ್ತನೆಯದು ಬರುವ ಹೊತ್ತಿಗೆ ಅಂಬಿಗನ ಕಾಲಿಗೆ ಮೆತ್ತಿದ ಕೆಸರು ಒಣಗುವುದು ಕೂಡ ಕಾಣುತ್ತಿತ್ತು.

ಓದಿನಲ್ಲಿ ಅವನು ಅಷ್ಟಕ್ಕಷ್ಟೆ. ಐಟಿಐ ಮುಗಿಸಿ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಮೀಟರಿಗೆ ಸಣ್ಣ ಸಣ್ಣ ಸ್ಕ್ರೂ ಕೂರಿಸುವ ಕೆಲಸಕ್ಕೆ ಸೇರಿದ. ಅಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಎ, ಬಿ, ಸಿ ಅಂತ ಗ್ರೇಡು ಕೊಡುತ್ತಾರಂತೆ. ಇವನದು ಹನ್ನೊಂದು ವರ್ಷವೂ ಬಿ. ಹೆಣ್ಣು ನೋಡಲು ಹೋದ ಮನೆಗಳಲ್ಲೂ ಕಾಫಿ ಕೊಟ್ಟು, ಆಮೇಲೆ ಹೇಳುತ್ತೇವೆ ಅಂದು ಕಳಿಸಿದರು. ಯಾರೂ ಆಮೇಲೆ ಹೇಳಲಿಲ್ಲ.

ಒಂದು ಭಾನುವಾರ ಅವನು ಒಂಬತ್ತು ಚೀಟಿಯಲ್ಲಿ ಒಂಬತ್ತು ಆಟಗಳ ಹೆಸರು ಬರೆದುಕೊಂಡು ನನ್ನ ಮಣೆಯ ಹತ್ತಿರ ಬಂದು ಕೂತ.

"ದೊಡ್ಡವ್ವ, ಒಂಚೂರು ಹಿಟ್ಟು ಕೊಡು."

"ಯಾತಕ್ಕಪ್ಪ? ತಿನ್ನಕ್ಕಾ?"

"ಗೋಡೆಗೆ ಅಂಟ್ಸಕ್ಕೆ. ನನ್ಗೆ ಯಾವ್ದು ಎಷ್ಟು ಇಷ್ಟ ಅಂತ ಮೇಲಿಂದ ಕೆಳೀಕೆ ಅಂಟುಸ್ತೀನಿ. ಎಲ್ರೂ ನನ್ಗೆ ನಂಬರ್ ಕೊಡೋರೆಯ. ನಾನು ನಂಬರ್ ಕೊಡ್ಬೋದಾದ್ದು ಇವು ಒಂಬತ್ತಕ್ಕೇ ಕಣವ್ವ."

ನಾನು ನಕ್ಕೆ. ಅವನು ನಗಲಿಲ್ಲ.

ಅಂಟಿಸಿದ, ಕಿತ್ತ, ಮತ್ತೆ ಅಂಟಿಸಿದ. ಅವನ ಜೊತೆ ಕೆಲಸ ಮಾಡುವ ಲೋಕೇಶ್ ಭಾನುವಾರ ಬಂದರೆ ಜಗಳವೇ ಜಗಳ.

"ಲೇ, ಎಂಟನೇ ಗೇಮ್ ನಾಕನೇ ಜಾಗದಲ್ಲಾ? ಅದ್ರಲ್ಲಿ ಮಳೆ ನೋಡಿದ್ದೀಯೇನೋ? ಟಿವಿ ಮುಂದೆ ಛತ್ರಿ ಹಿಡ್ಕೊಬೇಕು ಅನ್ಸುತ್ತೆ."

"ಮಳೆ ನೋಡ್ಬೇಕಾದ್ರೆ ಬಾಗ್ಲು ತಗೀತೀನಿ. ಮೂರನೇ ಗೇಮಲ್ಲಿ ಅಂಬಿಗ ಹುಟ್ಟು ಕೆಳಗಿಟ್ಟು ಬೀಡಿ ಹಚ್ತಾನೆ. ಯಾರೂ ಹೇಳ್ದೇನೆ. ಅದಕ್ಕೇ ಅದು ಎಲ್ಲಾದ್ಕಿಂತ ಮೇಲೆ."

"ಬೀಡಿಗೆ ಫಸ್ಟ್ ಪ್ರೈಜಾ! ನಿಮ್ಮಪ್ಪ ಸೇದ್ತಿದ್ರು ಅಂತ ತಾನೆ?"

"ಹೂಂ, ಅದಕ್ಕೇ. ಏನೀಗ?"

ಎಂಟು ಚೀಟಿಗೆ ಹೀಗೆ ಜಾಗ ಸಿಕ್ಕಿತು. ಏಳನೆಯ ಆಟದ ಚೀಟಿ ಮಾತ್ರ ಗೋಡೆ ಹತ್ತಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಆ ಆಟ ತಂದ ವಾರವೇ ಸಿದ್ದಪ್ಪಾಜಿಯನ್ನು ಆಸ್ಪತ್ರೆಗೆ ಸೇರಿಸಿದ್ದು. ತಾಯಿ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಅಶೋಕ ಅದನ್ನು ನಾಲ್ಕು ದಿನ ಆಡಿದ. ಐದನೆಯ ದಿನ ಅಪ್ಪ ತೀರಿಕೊಂಡರು. ಆಮೇಲೆ ಅದನ್ನು ಮುಟ್ಟಿರಲಿಲ್ಲ.

"ಅದರದೇನೂ ತಪ್ಪಿಲ್ಲ ದೊಡ್ಡವ್ವ, ನಾನೇ ನಡುನೀರಲ್ಲಿ ಬುಟ್ಬುಟ್ಟೆ. ಮುಗುಸ್ದೆ ಕೆಳಗೆ ಅಂಟ್ಸಿದ್ರೆ ಅನ್ಯಾಯ, ಮೇಲೆ ಅಂಟ್ಸಿದ್ರೆ ಸುಳ್ಳು. ಒಂದ್ ಸಲ ಮುಗುಸ್ಬೇಕು."

ಮುಗಿಸಬಹುದಿತ್ತು. ಆದರೆ ಅಷ್ಟರಲ್ಲಿ ಕಾಯಿಲೆ ಬಂತು.

ಅದು ಅವನಿಗೆ ಮೊದಲು ಗೊತ್ತಾದದ್ದು ಕಾರ್ಖಾನೆಯಲ್ಲಲ್ಲ, ಆಟದಲ್ಲಿ. ಐದನೆಯ ಆಟದಲ್ಲಿ ಹಗ್ಗ ಎಸೆಯುವ ಒಂದು ಜಾಗವಿದೆ. ಅವನು ಟಿವಿ ನೋಡದೆ, ನನ್ನ ಜೊತೆ ಮಾತಾಡಿಕೊಂಡೇ ಎಸೆಯುತ್ತಿದ್ದ. ಅವತ್ತು ಹಗ್ಗ ನೀರಿಗೆ ಬಿತ್ತು. ಮತ್ತೆ ಎಸೆದ, ಮತ್ತೆ ಬಿತ್ತು. ತನ್ನ ಬಲಗೈ ಹೆಬ್ಬೆರಳನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡ. ತಿಂಗಳು ಕಳೆಯುವುದರೊಳಗೆ ಸ್ಕ್ರೂಗಳೂ ಬೀಳತೊಡಗಿದವು.

ದೊಡ್ಡಾಸ್ಪತ್ರೆಗೆ ಅವನ ಜೊತೆ ನಾನೂ ಸಂಘಮಿತ್ರಳೂ ಹೋದೆವು. ನರ ಒಣಗುವ ಕಾಯಿಲೆ, ವಾಸಿ ಮಾಡುವ ಔಷಧಿ ಇಲ್ಲ, ಬೆರಳು, ಆಮೇಲೆ ಕಾಲು, ನಾಲಿಗೆ, ಕೊನೆಗೆ ಉಸಿರು ಅಂದರು ಡಾಕ್ಟರು. ಮೆಲ್ಲಗೆ, ಒಳ್ಳೆಯ ಮಾತಿನಲ್ಲೇ ಹೇಳಿದರು. ಸಂಘಮಿತ್ರ ಸೆರಗು ಬಾಯಿಗೆ ಇಟ್ಟುಕೊಂಡಳು. ಅಶೋಕ ಕೇಳಿದ:

"ಇನ್ನೆಷ್ಟು ದಿನ ಸಾರ್?"

"ಅದನ್ನ ಸರಿಯಾಗಿ ಹೇಳಕ್ಕಾಗಲ್ಲಪ್ಪ. ಕೆಲವರು ಮೂರು ವರ್ಷ, ನಾಲ್ಕು ವರ್ಷ..."

"ಜೀವಕ್ಕಲ್ಲ ಸಾರ್. ಬೆರಳಿಗೆ."

ಡಾಕ್ಟರು ನನ್ನ ಮುಖ ನೋಡಿದರು.

ಕೆಲಸ ಹೋಯಿತು. ಸಂಘಮಿತ್ರ ಅದೇ ಹೆಬ್ಬಾಳದಲ್ಲಿ ಇನ್ನೊಂದು ಕಾರ್ಖಾನೆಗೆ ಸೇರಿ, ಬೆಳಗಿನ ಬಸ್ಸಿಗೆ ಹೋಗಿ ಮಧ್ಯಾಹ್ನ ಮೂರಕ್ಕೆ ಬರುವಂತಾದಳು. ಅಲ್ಲಿಯವರೆಗೆ ನಾನು. ಮಣೆ, ಕಡ್ಡಿ, ಹಿಟ್ಟಿನ ಬೋಗುಣಿ ಎಲ್ಲವನ್ನೂ ಅವನ ಕೋಣೆಗೇ ತಂದು ಇಟ್ಟುಕೊಂಡೆ. ನಾನು ಹೊಸೆಯುವುದು, ಅವನು ಏಳನೆಯ ಆಟ ಆಡುವುದು.

ಮಳೆಗಾಲ ಮುಗಿಯುವ ಹೊತ್ತಿಗೆ ಬಲಗೈ ಹೆಬ್ಬೆರಳು ಪೂರ್ತಿ ನಿಂತಿತು. ಎಡಗೈ ಇನ್ನೂ ಆಡುತ್ತಿತ್ತು. ಲೋಕೇಶ್ ಬಂದು, "ನಾನು ಆಡಿ ಮುಗಿಸ್ತೀನಿ, ನೀನು ನೋಡು. ಇಲ್ಲಾ ಅಂದ್ರೆ ಯೂಟ್ಯೂಬಲ್ಲಿ ಕೊನೇದೆಲ್ಲ ಹಾಕವ್ರೆ, ಅರ್ಧ ಗಂಟೆ ವಿಡಿಯೋ" ಅಂದ.

"ನೀನ್ ಮುಗಿಸಿದ್ರೆ ನಿನ್ ಗೋಡೆಗೆ ಅಂಟಿಸ್ಕೊ" ಅಂದ ಅಶೋಕ. ಆಮೇಲೆ ನನ್ನ ಕಡೆ ತಿರುಗಿದ. "ದೊಡ್ಡವ್ವ, ನಿನ್ ಹೆಬ್ಬೆಟ್ಟು ಕೊಡ್ತೀಯಾ?"

"ನಂಗೇನು ಗೊತ್ತದಪ್ಪ ಅದ್ರಲ್ಲಿ?"

"ಏನೂ ಗೊತ್ತಿರ್ಬಾರ್ದು. ದೋಣಿ ನಾನ್ ತಿರುಗುಸ್ತೀನಿ. ನಾನು ಈಗ ಅಂದಾಗ ನೀನು ಈ ಗುಂಡಿ ಒತ್ತು. ಅಷ್ಟೇ. ಲೋಕೇಶ ಆದ್ರೆ ಅವನ ಬುದ್ಧಿ ಉಪಯೋಗಿಸ್ತಾನೆ."

ಹೀಗೆ ಎರಡೂ ಕೈಯಲ್ಲಿ ಹಿಡಿದು ಆಡುವ ಒಂದೇ ರಿಮೋಟಿನ ಎಡಬದಿ ಅವನದು, ಬಲಬದಿ ನನ್ನದು. ಗುಂಡಿ ಒತ್ತಿದರೆ ಅಂಬಿಗ ಜಲ್ಲೆಯನ್ನು ನೀರಿಗೆ ಊರುತ್ತಾನೆ. ಬಂಡೆ ಹತ್ತಿರ ಬಂದಾಗ ಸರಿಯಾದ ಗಳಿಗೆಗೆ ಊರದಿದ್ದರೆ ದೋಣಿ ಮಗುಚುತ್ತದೆ. ಮೊದಲ ದಿನ ನಾನು ಎಷ್ಟು ಜನರನ್ನು ಮುಳುಗಿಸಿದೆನೋ.

"ದೊಡ್ಡವ್ವ, ನೀನು ಒತ್ತೋದು ಕಡ್ಡಿ ಹೊಸ್ದಂಗಿದೆ. ಸೊಳ್ಳೆ ಹೊಡ್ದಂಗೆ ಹೊಡೀಬೇಕು."

"ಪಾಪ, ಆ ಹೆಂಗ್ಸು ಮಗು ಎತ್ಕೊಂಡಿತ್ತಲ್ಲೋ!"

"ಮುಳುಗ್ಲಿ ಬುಡು, ಇನ್ನೊಂದ್ ಸಲ ಬತ್ತಾಳೆ. ಇಲ್ಲಿ ಎಲ್ರೂ ಇನ್ನೊಂದ್ ಸಲ ಬತ್ತಾರೆ."

ದಿನಕ್ಕೆ ಒಂದು ಗಂಟೆ. ಅದಕ್ಕಿಂತ ಹೆಚ್ಚಿಗೆ ಅವನ ಎಡಗೈ ತಡೆಯುತ್ತಿರಲಿಲ್ಲ. ಹೊಳೆ ಅಗಲವಾಗುತ್ತಾ ಹೋಯಿತು. ಒಂದೊಂದು ದಡ ಮುಟ್ಟಿದಾಗಲೂ ಅವನು ಆ ಆಟದ ಬಗ್ಗೆ ಒಂದು ಮಾತು ಹೇಳುತ್ತಿದ್ದ: ಇಲ್ಲಿ ನೀರಿನ ಸದ್ದು ಚೆನ್ನಾಗಿದೆ, ಇಲ್ಲಿ ಮೋಸ ಮಾಡಿದ್ದಾರೆ, ಈ ದಡ ಎರಡನೇ ಆಟದ್ದೇ ದಡ, ಮರ ಮಾತ್ರ ದೊಡ್ಡದಾಗಿದೆ. "ಐದನೇ ಜಾಗ ಅಂದ್ಕೊಂಡಿದ್ದೆ. ಮೇಲೆ ಹೋಗೋ ಹಂಗದೆ ಇದು" ಅಂದ ಒಮ್ಮೆ. ಆ ದಿನ ಊಟ ಪೂರ್ತಿ ಮಾಡಿದ.

ಅಷ್ಟರಲ್ಲಿ ನಾಲಿಗೆ ತೊದಲತೊಡಗಿತು. "ಈಗ" ಅನ್ನುವ ಎರಡಕ್ಷರ ಹೊರಬರುವಷ್ಟರಲ್ಲಿ ದೋಣಿ ಬಂಡೆಗೆ ಬಡಿದಿರುತ್ತಿತ್ತು. ಕೆಲವು ದಿನ ಹಾಗೇ ಮುಳುಗಿದೆವು. ಆಮೇಲೆ ನನಗೊಂದು ತಿಳಿಯಿತು. ಮಾತಿಗೆ ಮುಂಚೆ ಅವನು ಮೂಗಿನಲ್ಲಿ ಒಂದು ಸಣ್ಣ ಉಸಿರು ಎಳೆಯುತ್ತಿದ್ದ. ನಾನು ಮಾತಿಗೆ ಕಾಯುವುದನ್ನು ಬಿಟ್ಟು ಆ ಉಸಿರಿಗೆ ಒತ್ತತೊಡಗಿದೆ. ದೋಣಿ ಮತ್ತೆ ನಡೆಯಿತು. ಅವನು ನನ್ನ ಕಡೆ ಕಣ್ಣು ತಿರುಗಿಸಿ ಸ್ವಲ್ಪ ನಕ್ಕ. ಆಮೇಲೆ "ಈಗ" ಅನ್ನುವುದನ್ನೇ ಬಿಟ್ಟ.

ಎರಡು ತಿಂಗಳಾಗಿತ್ತು. ಇನ್ನು ಒಂದೇ ದಾಟು ಉಳಿದಿದೆ ಅಂತ ಲೋಕೇಶನೂ ಹೇಳಿದ. ಅವತ್ತು ಬುಧವಾರ. ನಾನು ಹಿಟ್ಟು ಕಲಸುತ್ತಿದ್ದೆ. ಅಶೋಕ ಕರೆದ. ಅವನ ಎಡಗೈ ಅವತ್ತು ಬೆಳಗಿನಿಂದ ಚೆನ್ನಾಗಿತ್ತು, ಅಂಥ ಗಳಿಗೆ ಹೆಚ್ಚು ಹೊತ್ತು ಇರುತ್ತಿರಲಿಲ್ಲ. ನಾನು ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಕೂತೆ. ತೊಳೆಯಲಿಲ್ಲ. ಐವತ್ತು ವರ್ಷದಿಂದ ಆ ಹಿಟ್ಟು ನನ್ನ ಕೈಯಲ್ಲೇ ಇದೆ. ಅದು ಕೈಯಲ್ಲಿದೆ ಅಂತ ನನಗೆ ತಿಳಿಯುವುದೇ ಇಲ್ಲ. ಕೊನೆಯ ದಾಟಿನ ಅರ್ಧದವರೆಗೂ ಹೋದೆವು. ಅವನಿಗೆ ಸುಸ್ತಾಯಿತು. ನಾಳೆ ಅಂದ.

ಗುರುವಾರ ಬೆಳಗ್ಗೆ ಟಿವಿ ಹಾಕಿ ರಿಮೋಟು ಹಿಡಿದೆವು. ಗುಂಡಿ ಒತ್ತಿದೆ. ಅದು ಒಳಗೆ ಹೋಯಿತು, ಮೇಲೆ ಬರಲಿಲ್ಲ. ಸಂದಿಯಲ್ಲಿ ಇಳಿದಿದ್ದ ಹಿಟ್ಟು ಕಲ್ಲಾಗಿ ಅದನ್ನು ಹಿಡಿದುಕೊಂಡಿತ್ತು. ಅಂಬಿಗ ಊರಿದ ಜಲ್ಲೆಯನ್ನು ಎತ್ತಲೇ ಇಲ್ಲ. ದೋಣಿ ಸುತ್ತಿ ಸುತ್ತಿ ಬಂಡೆಗೆ ಬಡಿಯಿತು. ಪರದೆಯ ಮೇಲೆ ಏನೋ ಅಕ್ಷರ ಬಂತು, ಮೊದಲಿಂದ ಶುರುಮಾಡಲೇ ಅಂತ ಕೇಳುವುದಂತೆ ಅದು; ಆ ಒತ್ತಿಕೊಂಡೇ ಇದ್ದ ಗುಂಡಿ ಅದಕ್ಕೆ ಹೂಂ ಅಂದಿತು. ಇನ್ನೊಂದು ಬಂತು, ಅದಕ್ಕೂ ಹೂಂ.

ಅಶೋಕ "ಬ್ಯಾ... ಬ್ಯಾ..." ಅಂದ. ಬೇಡ ಅನ್ನಲು ಅವನಿಗೆ ಅಷ್ಟು ಹೊತ್ತು ಹಿಡಿಯಿತು. ನಾನು ಉಗುರಿನಿಂದ ಗುಂಡಿಯನ್ನು ಕೀಳುತ್ತಿದ್ದೆ. ತಲೆಯೆತ್ತಿ ನೋಡಿದಾಗ ಪರದೆಯಲ್ಲಿ ಸಣ್ಣ ತೊರೆ, ಹೊಸ ದೋಣಿ, ಮೊದಲ ದಡ. ಎರಡು ತಿಂಗಳ ಹೊಳೆಯನ್ನೆಲ್ಲ ಅದು ಅಳಿಸಿಹಾಕಿತ್ತು.

ನಾನು ಅತ್ತೆ. ಅವನು ಬೈದಿದ್ದರೆ ಚೆನ್ನಾಗಿತ್ತು.

"ಬುಡು ದೊಡ್ಡವ್ವ" ಅಂದ, ಬಿಡಿಬಿಡಿಯಾಗಿ. "ಇನ್ನೊಂದ್ ಸಲ... ಬತ್ತಾರೆ."

ಲೋಕೇಶ್ ಬಂದು ರಿಮೋಟು ಬಿಚ್ಚಿ, ಸೂಜಿಯಲ್ಲಿ ಕೆರೆದು ಸರಿಮಾಡಿದ. ನಾವು ಮೊದಲ ದಡದಿಂದ ಮತ್ತೆ ಹೊರಟೆವು. ಮೂರು ದಾಟು ಆಯಿತು. ನಾಲ್ಕನೆಯದರ ನಡುವೆ ಅವನ ಎಡಗೈ ರಿಮೋಟಿನಿಂದ ಜಾರಿ ಹಾಸಿಗೆಯ ಮೇಲೆ ಬಿತ್ತು. ನಾನು ಎತ್ತಿ ಇಟ್ಟೆ. ಮತ್ತೆ ಜಾರಿತು. ಮೂರನೆಯ ಸಲ ಎತ್ತಲು ಹೋದಾಗ ಅವನು ಬೇಡ ಎಂದು ತಲೆಯಾಡಿಸಿದ. ದೋಣಿ ತನ್ನಷ್ಟಕ್ಕೆ ತೇಲಿಕೊಂಡು ಹೋಗಿ ದಡದ ಜೊಂಡಿನಲ್ಲಿ ಸಿಕ್ಕಿಕೊಂಡಿತು. ಆ ದಡಕ್ಕೆಂದು ದೋಣಿ ಹತ್ತಿದ್ದ ಒಬ್ಬ ಮುದುಕಿ ಸುಮ್ಮನೆ ಕೂತೇ ಇದ್ದಳು.

ಆ ಸಂಜೆ ಸಂಘಮಿತ್ರ ಸಹಿಸಲಾರದೆ ಅಂದಳು: "ಎಲ್ಲಾದ್ರೂ ಒಂದ್ಕಡೆ ಅಂಟುಸ್ಬುಡೋಣ ಕಣೋ ಅಣ್ಣ. ಯಾರು ಬಂದು ನೋಡ್ತಾರೆ ಇದ್ನ?"

ಅವನ ಉತ್ತರ ಬರಲು ತುಂಬಾ ಹೊತ್ತಾಯಿತು.

"ನಾನ್... ನೋಡ್ತೀನಲ್ಲ."

ಅದು ಹೋದ ಯುಗಾದಿಯ ಮಾತು. ಈಗ ಅವನಿಗೆ ಮಾತಿಲ್ಲ. ಕಣ್ಣಿದೆ, ಉಸಿರಿದೆ. ಮೂಗಿಗೆ ನಳಿಕೆ ಹಾಕುವ ದಿನ ದೂರವಿಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಹಗಲೆಲ್ಲ ಗೋಡೆಯ ಎಂಟು ಚೀಟಿ ನೋಡುತ್ತಾ ಮಲಗಿರುತ್ತಾನೆ. ತೇವಕ್ಕೆ ಒಂದೊಂದು ಸಲ ಚೀಟಿ ಕಳಚಿ ಬೀಳುತ್ತದೆ, ಅದೇ ಜಾಗಕ್ಕೆ ಮತ್ತೆ ಅಂಟಿಸುತ್ತೇನೆ. ಒಮ್ಮೆ ಎರಡು ಅದಲುಬದಲಾಗಿದ್ದಾಗ ಸರಿಮಾಡುವವರೆಗೂ ಅವನ ಕಣ್ಣು ಅಲ್ಲಿಂದ ಕದಲಲಿಲ್ಲ.

ಮೊನ್ನೆ ಸಂಘಮಿತ್ರ ಕೆಲಸಕ್ಕೆ ಹೋದ ಮೇಲೆ ನಾನು ಟಿವಿಯ ಕೆಳಗಿನಿಂದ ಏಳನೆಯ ಆಟದ ಚೀಟಿ ತೆಗೆದೆ. ಹಿಂಬದಿಗೆ ಸ್ವಲ್ಪ ಹಿಟ್ಟು ಸವರಿಕೊಂಡು ಗೋಡೆಯ ಹತ್ತಿರ ನಿಂತೆ. ಎಲ್ಲದಕ್ಕಿಂತ ಮೇಲೆ ಹಿಡಿದು ಅವನ ಮುಖ ನೋಡಿದೆ. ಈಗ ಅನ್ನುವ ಬದಲು ಎಳೆಯುತ್ತಿದ್ದ ಆ ಸಣ್ಣ ಉಸಿರಿಗೆ ಕಿವಿಗೊಟ್ಟು ಕಾದೆ. ಬರಲಿಲ್ಲ. ಅದರ ಕೆಳಗೆ ಹಿಡಿದೆ. ಬರಲಿಲ್ಲ. ಒಂದೊಂದೇ ಇಳಿಸುತ್ತಾ ಬಂದೆ. ಐದನೆಯ ಜಾಗದಲ್ಲಿ ಬಹಳ ಹೊತ್ತು ಹಿಡಿದೆ, ನನ್ನ ತೋಳು ಸೋಲುವವರೆಗೂ. ಎಂಟಕ್ಕೂ ಕೆಳಗೆ, ಎಲ್ಲದಕ್ಕಿಂತ ಕೊನೆಗೆ ಹಿಡಿದಾಗಲೂ ಆ ಉಸಿರು ಬರಲಿಲ್ಲ, ಅವನು ಕಣ್ಣು ಮುಚ್ಚಿದ.

ಅಷ್ಟರಲ್ಲಿ ಚೀಟಿಯ ಹಿಂದಿನ ಹಿಟ್ಟು ಒಣಗಿತ್ತು. ಅದನ್ನು ಟಿವಿಯ ಕೆಳಗೆ ಮೊದಲಿನ ಹಾಗೇ ಇಟ್ಟೆ. ಹಿತ್ತಲಿಗೆ ಹೋಗಿ ಸೋಪು ಹಾಕಿ ಎರಡು ಸಲ ಕೈ ತೊಳೆದುಕೊಂಡು ಬಂದು ಅವನಿಗೆ ಗಂಜಿ ಕುಡಿಸಿದೆ.