ಲೈಕಾ ಮರಳಿ ಬರಲಿಲ್ಲ

“ರಾಕೆಟ್ಟಲ್ಲಿ ಹೋದ ನಾಯಿ ಲೈಕಾ ಸೇಫಾಗಿ ಮನೆಗೆ ವಾಪಸ್ ಬಂತು, ಮಕ್ಕಳೇ!” ನಾವಿರುವ ಮಿಲ್ಪಿಟಾಸ್ ಊರಿನಲ್ಲಿ ನಮ್ಮ ಕನ್ನಡದ ಮಕ್ಕಳಿಗೆ ಮೊದಲ ಉಪಗ್ರಹಗಳ ಕಥೆ ಹೇಳುತ್ತಿದ್ದ ಎಂಜಿನಿಯರೊಬ್ಬರ ಈ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು.

ಎರಡನೆಯ ಸ್ಪುಟ್ನಿಕ್‌ನಲ್ಲಿ ಕಳಿಸಿದ ಆ ನಾಯಿಯನ್ನು ಮರಳಿ ಇಳಿಸುವ ಏರ್ಪಾಡೇ ಇರಲಿಲ್ಲ. ಅದು ಅಲ್ಲೇ ಸತ್ತಿತು. ಎದ್ದು ನಿಂತು ಅದನ್ನೇ ಹೇಳಿದೆ.

“ಮಕ್ಕಳು ಅಪ್‌ಸೆಟ್ ಆಗ್ತಾರೆ ಮೇಡಂ. ಒಂದು ನಾಯಿ ತಾನೇ, ಬಿಡಿ” ಎಂದು ಅವರು ನಕ್ಕರು.

“ಸಾಯೋಕೇ ಅಂತ ಕಳ್ಸಿದ್ದು ಸಾಲ್ದೇನ್ರೀ? ಸುಳ್ಳು ಬೇರೆ ಹೇಳ್ಬೇಕಾ?” ಎಂದೆ. ಅವರು ಮುಂದಿನ ಚಿತ್ರ ತೋರಿಸಿದರು.

ಮನೆಗೆ ಬರುವಾಗ ಫ್ರೀವೇ ಉದ್ದಕ್ಕೂ, ಆ ಮಕ್ಕಳ ನಡುವೆ ಕೂತು ಎಲ್ಲ ಕೇಳಿದ್ದ ನನ್ನ ಮಗಳು ಕಾರಿನಲ್ಲಿ ಅಳುತ್ತಿದ್ದಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಲೈಕಾಗಾಗಿ ಇವಳಾದರೂ ಅಳಲಿ ಅನ್ನಿಸಿತು.