ಟೀವಿಯಲ್ಲಿ ಬಂದ ಸೋಮಪ್ಪ

ನಾಗಮಂಗಲದ ಕಡೆಯ ನಮ್ಮೂರಿನಲ್ಲಿ ಮಾರಮ್ಮನ ಹಬ್ಬಕ್ಕೆ ಸೋಮ ಹೊರುವುದು ನಮ್ಮ ಮನೆತನದ ಸೇವೆ. ಸೋಮ ಎಂದರೆ ಅಮ್ಮನ ಕಾವಲಿನ ದೈವ: ಕೆಂಪು ಬಣ್ಣದ ದೊಡ್ಡ ಮರದ ಮುಖ, ಹೆಗಲಿಗೆ ಕೂರುವ ಬಿದಿರಿನ ಕಟ್ಟು, ಸೀರೆ, ಹೂವು. ಅಷ್ಟನ್ನೂ ಹೊತ್ತು ಕುಣಿಯಬೇಕು. ಈ ಸಲ ನಮ್ಮ ಯಜಮಾನರ ಮಂಡಿ ಕೈಕೊಟ್ಟಿತ್ತು. ನಾಗಮಂಗಲದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಗ, "ನನ್ ಕೈಲಿ ಆಗಕಿಲ್ಲ ಬುಡವ್ವ, ಅಂಗ್ಡಿಗೆ ಬರೋರೆಲ್ಲ ನಗ್ತಾರೆ" ಅಂದಿದ್ದ. ಸೇವೆ ನಮ್ಮ ಕಾಲಕ್ಕೇ ನಿಂತುಹೋಗುತ್ತದಲ್ಲ ಎಂದು ನನಗೆ ಊಟ ಸೇರುತ್ತಿರಲಿಲ್ಲ.

ಮಗನಿಗೆ ಮಲಯಾಳಂ ಸಿನಿಮಾ ಹುಚ್ಚು. ಕೆಳಗೆ ಬರುವ ಇಂಗ್ಲಿಷ್ ಓದಿಕೊಂಡು ನೋಡುತ್ತಾನೆ. ನನಗೆ ಓದಲು ಬಾರದು. ಆದರೂ ಕಾಳು ಸುಲಿಯುತ್ತಾ ಕೂತಿರುತ್ತೇನೆ. ಅವರ ಸಿನಿಮಾದಲ್ಲಿ ಅಡುಗೆಮನೆ ಅಡುಗೆಮನೆಯಂತೆಯೇ ಇರುತ್ತದೆ, ಮಸಿ ಹಿಡಿದ ಪಾತ್ರೆ ಸಮೇತ.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಟೀವಿ ಮುಂದೆ ಉಣ್ಣುತ್ತಿದ್ದೆವು. ತೆಯ್ಯಂ ಎಂಬ ದೈವದ ವೇಷ ಕಟ್ಟುವವನೊಬ್ಬನ ಕತೆ. ಕೆಂಪು ಮುಖ, ಆಳೆತ್ತರದ ಕಿರೀಟ ಕಾಣುತ್ತಲೇ ನಮ್ಮತ್ತೆ ಎದ್ದುನಿಂತರು.

"ಎಂಜ್ಲು ತಟ್ಟೆ ಎತ್ರಲಾ! ಸೋಮಪ್ಪ ಬಂದವ್ನೆ. ಅಮ್ಮೀ, ಕರ್ಪೂರ ತತ್ತಾ" ಎಂದು ನನ್ನನ್ನು ಕೂಗಿದರು.

"ಅಜ್ಜೀ, ಅದು ಸಿನಿಮಾ ಕಣಜ್ಜಿ, ಕೇರಳದ್ದು" ಎಂದು ಮಗ ನಕ್ಕ.

"ನಿಂಗೇನ್ಲಾ ಗೊತ್ತು? ಯಾವೂರಾದ್ರೂ ದೇವ್ರು ದೇವ್ರೇಯ."

"ಕರ್ಪೂರ ಅಚ್ಚಿದ್ರೆ ಟೀವಿ ಕರಗೋಯ್ತದೆ. ಕೈ ಮುಗಿ, ಸಾಕು."

ಅತ್ತೆ ಮುಗಿದರು. ನಾನೂ ಮುಗಿದೆ, ಸುಳ್ಳೇಕೆ ಹೇಳಲಿ.

ಆದರೆ ನನ್ನ ಮನಸ್ಸು ನಿಂತದ್ದು ಕುಣಿತದಲ್ಲಲ್ಲ. ವೇಷಕ್ಕೆ ಮುಂಚೆ ಆತ ಉಪವಾಸವಿದ್ದು, ಯಾರೊಂದಿಗೂ ಮಾತಾಡದೆ ಜಗುಲಿಯಲ್ಲಿ ಕೂತಿದ್ದ. ಹೆಂಡತಿ ಅವನ ಒದ್ದೆ ಪಂಚೆ ಹರವುತ್ತಿದ್ದಳು. ಕ್ಯಾಮೆರಾ ಅವಸರ ಮಾಡದೆ ಅಲ್ಲೇ ಇತ್ತು. ಹಬ್ಬದ ದಿನ ನಮ್ಮ ಮನೆಯೂ ಹಾಗೇ. ನಾನು ನೋಡಿದ ನಮ್ಮ ಸಿನಿಮಾಗಳಲ್ಲಿ ಊರದೇವತೆ ಹಾಡಿಗೋ ಹೊಡೆದಾಟಕ್ಕೋ ಬಂದು ಹೋಗುತ್ತಾಳೆ. ಹೊರುವವನ ಮನೆಯೊಳಕ್ಕೆ ಯಾರೂ ಬಂದದ್ದಿಲ್ಲ.

ವೇಷ ಕಳಚಿದವನ ಹೆಗಲ ಮೇಲಿನ ಬರೆ ಕಂಡಾಗ, ಮಗ ಬನಿಯನ್ನಿನಲ್ಲಿ ಕೂತಿದ್ದ ಅಪ್ಪನ ಹೆಗಲ ಕಡೆ ತಿರುಗಿದ. ಸೋಮನ ಕಟ್ಟು ಒತ್ತಿ ಆದ ಅಲ್ಲಿನ ಕಪ್ಪು ಗುರುತು ಮಗ ಹುಟ್ಟಿದಾಗಿನಿಂದ ಇರುವಂಥದ್ದೇ.

"ಅಪ್ಪೋ, ಬೋ ಭಾರನಾ ಅದು?"

"ನೀನೇ ಸೋಮನ್ನ ಒತ್ತು ನೋಡ್ಲಾ, ನಾನೇನೇಳೋದು."

"ನಾನೇನ್ ಹೊರ್ತೀನಿ ಅಂದ್ನಾ? ಕೇಳ್ದೆ ಅಷ್ಟೇಯ."

ಸಂಜೆ ಇಬ್ಬರೂ ಸೋಮ ಇರುವ ಗುಡಿ ಕಡೆ ಹೊರಟರು, ಮಂಡಿನೋವಿನ ಅಪ್ಪ ಮಗನ ಹೆಗಲು ಹಿಡಿದುಕೊಂಡು. ಹೊರುತ್ತಾನೋ ಇಲ್ಲವೋ, ಮಾರಮ್ಮ ತಾಯಿಗೇ ಗೊತ್ತು. ಭಾರವೇ ಎಂದಾದರೂ ಕೇಳಿದನಲ್ಲ. ಮಧ್ಯಾಹ್ನ ಅತ್ತೆ ಕೇಳಿದಾಗ ತೆಗೆದಿಟ್ಟಿದ್ದ ಕರ್ಪೂರವನ್ನು ದೇವರಮನೆಯಲ್ಲಿ ಹಚ್ಚಿದೆ.